ರೊಟ್ಟಿಗೆ ಸೊನ್ನೆ, ಹಿಟ್ಟಿಗೆ ಶೇ 5: ಜೋಳದ ಸುದ್ದಿಗಳ ಗಂಟು ಬಿಚ್ಚಿದರೆ

ವಿಜಯಪುರವಿರಲಿ, ಬಾಗಲಕೋಟೆ, ಬೆಳಗಾವಿ ಇರಲಿ, ಸ್ವಲ್ಪ ದೊಡ್ಡ ಕಿರಾಣಿ ಅಂಗಡಿಯಾದರೆ ಒಂದೇ ಕಪಾಟಿನಲ್ಲಿ ಎರಡು ಪ್ಯಾಕೆಟ್ ಸಿಗುತ್ತವೆ. ಒಂದರಲ್ಲಿ ಖಡಕ್ ರೊಟ್ಟಿ, ಇನ್ನೊಂದರಲ್ಲಿ ಜೋಳದ ಹಿಟ್ಟು. ರೊಟ್ಟಿಯ ಮೇಲೆ ಜಿಎಸ್‌ಟಿ ಇಲ್ಲ. ಹಿಟ್ಟಿನ ಮೇಲೆ ಶೇ 5 ಇದೆ. ನಾದಿ, ಬಡಿದು, ಬೇಯಿಸಿ, ಒಣಗಿಸಿ ಕೊಟ್ಟ ಪದಾರ್ಥಕ್ಕೆ ತೆರಿಗೆ ಇಲ್ಲ, ಬರೀ ಬೀಸಿದ ಹಿಟ್ಟಿಗೆ ತೆರಿಗೆ ಇದೆ ಅಂದರೆ ಯಾರಿಗಾದರೂ ಗೊಂದಲವಾಗುತ್ತದೆ.

ಗೊಂದಲ ಅಷ್ಟಕ್ಕೇ ನಿಂತಿಲ್ಲ. ಮೊಬೈಲ್ ತೆರೆದರೆ ಒಬ್ಬರು ಲಟ್ಟಣಿಗೆಯಿಂದ ಜೋಳದ ರೊಟ್ಟಿ ಲಟ್ಟಿಸುತ್ತಾರೆ, ಇನ್ನೊಬ್ಬರು ಹಿಟ್ಟನ್ನು ದೋಸೆ ಹಿಟ್ಟಿನಂತೆ ಕಲಸಿ ಹಂಚಿಗೆ ಹುಯ್ಯುತ್ತಾರೆ. ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಬೆಂಬಲ ಬೆಲೆ ಏರಿತು, ಇನ್ನು ರೊಟ್ಟಿ ತುಟ್ಟಿಯಾಗುತ್ತದೆ ಎಂಬ ಮಾತು ಬೇರೆ. ಇವೆಲ್ಲ ಜೋಳದ ಸುದ್ದಿಗಳೇ, ಆದರೆ ಒಂದೇ ಪದಾರ್ಥದ ಸುದ್ದಿಗಳಲ್ಲ. ಕಾಳಿಗೆ ಒಂದು ನಿಯಮ, ಹಿಟ್ಟಿಗೆ ಇನ್ನೊಂದು, ರೊಟ್ಟಿಗೆ ಮತ್ತೊಂದು. ಕಾಳಿನ ಸುದ್ದಿಯನ್ನು ರೊಟ್ಟಿಗೆ, ಗೋಧಿಯ ರೀತಿಯನ್ನು ಜೋಳಕ್ಕೆ ಅಂಟಿಸಿದಾಗ ಗಂಟು ಬೀಳುತ್ತದೆ. ಒಂದೊಂದಾಗಿ ಬಿಡಿಸೋಣ.

ಸೆಪ್ಟೆಂಬರ್ 22ರಂದು ಬದಲಾದದ್ದು

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ನಡೆಯಿತು. ಅಲ್ಲಿ ತೀರ್ಮಾನವಾದ ಹೊಸ ದರಗಳು ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ಅದಕ್ಕೂ ಮೊದಲು ಚಪಾತಿ, ರೊಟ್ಟಿ, ಖಾಕ್ರಾಗಳಿಗೆ ಶೇ 5 ಇತ್ತು. ಪರಾಠಾ, ಪರೋಟಾಗಳಿಗೆ ಶೇ 18 ಇತ್ತು. ಈಗ ಎರಡೂ ಗುಂಪಿಗೆ ಸೊನ್ನೆ.

ಪರೋಟಾಕ್ಕೆ ಶೇ 18 ಯಾಕಿತ್ತು ಎಂಬುದನ್ನು ತಿಳಿದರೆ ತೆರಿಗೆಯ ತರ್ಕ ಅರ್ಥವಾಗುತ್ತದೆ. 2020ರಲ್ಲಿ, ಯಾವ ಸರಕಿಗೆ ಎಷ್ಟು ತೆರಿಗೆ ಎಂದು ಮೊದಲೇ ತಿಳಿಸುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಈ ಪ್ರಶ್ನೆ ಬಂದಿತ್ತು. ರೊಟ್ಟಿ, ಚಪಾತಿ ಸಿದ್ಧ ಆಹಾರ. ಪ್ಯಾಕೆಟ್‌ನ ಪರೋಟಾವನ್ನು ತಿನ್ನುವ ಮೊದಲು ಮತ್ತೆ ಕಾಯಿಸಬೇಕು, ಆದ್ದರಿಂದ ಅದು ರೊಟ್ಟಿಯ ಗುಂಪಿಗೆ ಸೇರದು ಎಂದು ಪ್ರಾಧಿಕಾರ ಹೇಳಿತು. ಆಗ ದೇಶದ ತುಂಬ ಚರ್ಚೆಯಾಯಿತು. ಐದು ವರ್ಷಗಳ ನಂತರ ಮಂಡಳಿ ಆ ಜಗಳವನ್ನೇ ತೆಗೆದುಹಾಕಿತು. ಯಾವ ಹೆಸರಿನಿಂದ ಕರೆದರೂ ಸರಿ, ಭಾರತೀಯ ರೊಟ್ಟಿಗಳಿಗೆಲ್ಲ ತೆರಿಗೆ ಇಲ್ಲ. ನಮ್ಮ ಜೋಳದ ರೊಟ್ಟಿ, ಸಜ್ಜಿ ರೊಟ್ಟಿಗಳೂ ಇದರಲ್ಲಿ ಬಂದವು.

ಹಿಟ್ಟಿನ ಕಥೆ ಬೇರೆ. ಅದರ ಗೆರೆ ಎಳೆದದ್ದು 2022ರ ಜುಲೈ 18ರಂದು. ಅದಕ್ಕೂ ಮೊದಲು ಬ್ರ್ಯಾಂಡ್ ಇದ್ದ ಹಿಟ್ಟಿಗಷ್ಟೇ ತೆರಿಗೆ ಇತ್ತು. ಆ ದಿನದಿಂದ ಬ್ರ್ಯಾಂಡ್ ಇರಲಿ ಬಿಡಲಿ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋ ಒಳಗಿನ ಚೀಲಕ್ಕೆಲ್ಲ ಶೇ 5 ಬಿತ್ತು. ಚೀಲ ಬಿಚ್ಚಿ ತೂಗಿ ಕೊಟ್ಟರೆ ಸೊನ್ನೆ. 2025ರ ಸಭೆ ಈ ಗೆರೆಯನ್ನು ಮುಟ್ಟಲಿಲ್ಲ.

ಇವೆರಡರ ನಡುವೆ, 2023ರ ಅಕ್ಟೋಬರ್ 7ರ 52ನೇ ಸಭೆಯಲ್ಲಿ ಇನ್ನೊಂದು ನಿರ್ಣಯವಾಯಿತು. ತೂಕದಲ್ಲಿ ಶೇ 70ಕ್ಕೆ ಕಡಿಮೆಯಿಲ್ಲದಷ್ಟು ಸಿರಿಧಾನ್ಯ ಇರುವ ಹಿಟ್ಟಿನ ಮಿಶ್ರಣಗಳಿಗೆ ಬಿಡಿಯಾಗಿ ಮಾರಿದರೆ ಸೊನ್ನೆ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ ಶೇ 5. ‘ಸಿರಿಧಾನ್ಯದ ಹಿಟ್ಟಿಗೆ ತೆರಿಗೆ ಇಲ್ಲ’ ಎಂದು ಆಗ ಓದಿದವರು ಅಂಗಡಿಯಲ್ಲಿ ಪ್ಯಾಕೆಟ್ ಹಿಡಿದು ಗಲಿಬಿಲಿಗೊಂಡದ್ದು ಸಹಜ. ಅವರು ಓದಿದ್ದು ಅರ್ಧ ವಾಕ್ಯ.

ಅಂದರೆ ಹಿಟ್ಟಿನ ಮಟ್ಟಿಗೆ ತೆರಿಗೆ ಬೀಳುವುದು ಜೋಳದ ಮೇಲಲ್ಲ, ಲೇಬಲ್ ಮೇಲೆ. ರೊಟ್ಟಿಯ ಮಟ್ಟಿಗೆ ಲೇಬಲ್ ಇದ್ದರೂ ತೆರಿಗೆ ಇಲ್ಲ.

ಹಾಗಾದರೆ ಖಾನಾವಳಿಯಲ್ಲಿ ಊಟ ಮಾಡಿದಾಗ ಬಿಲ್ಲಿನಲ್ಲಿ ಶೇ 5 ಯಾಕೆ? ಅಲ್ಲಿ ನಾವು ಕೊಳ್ಳುವುದು ರೊಟ್ಟಿಯನ್ನಲ್ಲ, ಊಟ ಬಡಿಸುವ ಸೇವೆಯನ್ನು ಎಂಬುದು ಕಾಯ್ದೆಯ ಲೆಕ್ಕ. ನೋಂದಣಿ ಇರುವ ಖಾನಾವಳಿಯಿಂದ ಅದೇ ರೊಟ್ಟಿ, ಎಣಗಾಯಿ ಪಾರ್ಸಲ್ ಕಟ್ಟಿಸಿಕೊಂಡರೂ ಈ ಲೆಕ್ಕವೇ ನಡೆಯುತ್ತದೆ.

ಶೇ 5 ಹೋದರೆ ಬೆಲೆಯೂ ಅಷ್ಟೇ ಇಳಿಯಬೇಕಲ್ಲವೇ?

ಇಳಿಯಬೇಕಾಗಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಒಂದು, ನಮ್ಮ ಕಡೆ ಮನೆಯಲ್ಲಿ, ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಜಿಎಸ್‌ಟಿ ನೋಂದಣಿಯ ಮಿತಿಗಿಂತ ಬಹಳ ಕೆಳಗಿದ್ದಾರೆ. ಅವರು ಮೊದಲೂ ತೆರಿಗೆ ಹಾಕುತ್ತಿರಲಿಲ್ಲ. ಇಲ್ಲದ ತೆರಿಗೆ ಇಳಿಯುವುದು ಹೇಗೆ?

ಎರಡನೆಯದು ನೋಂದಣಿ ಮಾಡಿಸಿದ ದೊಡ್ಡ ತಯಾರಕರದು. ತಾವು ಮಾರುವ ಸರಕಿಗೆ ತೆರಿಗೆ ಇದ್ದಾಗ, ಪ್ಯಾಕೆಟ್‌ನ ಪ್ಲಾಸ್ಟಿಕ್, ಡಬ್ಬ, ಯಂತ್ರಗಳ ಮೇಲೆ ಕೊಟ್ಟ ತೆರಿಗೆಯನ್ನು ಅವರು ಅದರಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಸರಕಿನ ತೆರಿಗೆ ಸೊನ್ನೆಯಾದ ಕೂಡಲೇ ಆ ಅನುಕೂಲವೂ ಹೋಗುತ್ತದೆ. ಉದಾಹರಣೆಗೆ, 100 ರೂಪಾಯಿಯ ರೊಟ್ಟಿ ಪ್ಯಾಕೆಟ್ 5 ರೂಪಾಯಿ ತೆರಿಗೆ ಸೇರಿ 105ಕ್ಕೆ ಮಾರಾಟವಾಗುತ್ತಿತ್ತು ಎನ್ನಿ. ಅದನ್ನು ತಯಾರಿಸಲು ಕೊಂಡ ವಸ್ತುಗಳ ಮೇಲೆ 2 ರೂಪಾಯಿ ತೆರಿಗೆ ಹೋಗಿದ್ದರೆ ಈಗ ಆ 2 ರೂಪಾಯಿ ತಯಾರಕರ ಖರ್ಚಿಗೇ ಸೇರುತ್ತದೆ. ಬೆಲೆ 100ಕ್ಕೆ ಅಲ್ಲ, 102ಕ್ಕೆ ಬಂದು ನಿಂತರೆ ಅದರಲ್ಲಿ ಮೋಸವಿಲ್ಲ. ಲೇಬಲ್ ಹಚ್ಚಿದ ಹಿಟ್ಟನ್ನೇ ಕೊಂಡು ರೊಟ್ಟಿ ಮಾಡುವವರಿಗೆ ಹಿಟ್ಟಿನ ಶೇ 5 ಸಹ ಹೀಗೇ ಒಳಗೆ ಉಳಿಯುತ್ತದೆ. ಎಪಿಎಂಸಿಯಿಂದ ಕ್ವಿಂಟಲ್ ಲೆಕ್ಕದಲ್ಲಿ ಕಾಳು ತಂದು ಬೀಸಿಸುವವರಿಗೆ ಆ ಹೊರೆ ಇಲ್ಲ.

ರೊಟ್ಟಿಯ ಜೊತೆ ಹಿಂಡಿಯನ್ನೂ (ಚಟ್ನಿಪುಡಿ) ಮಾರಿದರೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದದ್ದು ನೆನಪಿರಬಹುದು. ತೆರಿಗೆ ವಿನಾಯಿತಿ ಇರುವ ಸರಕು ಮಾರುವವರು ಹೆದರಬೇಕಾಗಿಲ್ಲ ಎಂದು ಸರ್ಕಾರ ಬಳಿಕ ಹೇಳಿತು. ಆದರೂ ಭಯ ಪೂರ್ತಿ ಹೋಗಿಲ್ಲ. ಅದರಲ್ಲೂ ಮನೆಯಲ್ಲಿ ರೊಟ್ಟಿ ಮಾಡಿ ಮಾರುವವರಲ್ಲಿ.

ಲೆಕ್ಕ ಹಾಕಿ ನೋಡೋಣ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಒಂದು ರೊಟ್ಟಿಗೆ 10 ರೂಪಾಯಿ ಎಂದು ಹಿಡಿದರೆ 40 ಲಕ್ಷ ಮುಟ್ಟಲು 4 ಲಕ್ಷ ರೊಟ್ಟಿ ಬೇಕು. ಒಂದು ದಿನವೂ ಬಿಡದೆ ಬಡಿದರೂ ದಿನಕ್ಕೆ ಹತ್ತಿರಹತ್ತಿರ 1,100 ರೊಟ್ಟಿ. ಒಂದು ಮನೆಯ ಒಲೆ ಅಷ್ಟನ್ನು ಬೇಯಿಸಲಾರದು.

ಇನ್ನೊಂದು ಮುಖ್ಯ ಸಂಗತಿಯನ್ನು ಸೆಪ್ಟೆಂಬರ್‌ನ ನಿರ್ಣಯ ತಂದಿದೆ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಮಾಡಿಸಬೇಕಾಗಿಲ್ಲ. ಮೊದಲು ರೊಟ್ಟಿ ಶೇ 5ರಲ್ಲಿತ್ತು, ಈ ರಕ್ಷಣೆ ಇರಲಿಲ್ಲ. ಈಗ ಬರೀ ರೊಟ್ಟಿ ಮಾರುವ ಸ್ವಸಹಾಯ ಸಂಘ 40 ಲಕ್ಷ ದಾಟಿದರೂ ನೋಂದಣಿಯ ಹಂಗಿಲ್ಲ.

ಆದರೆ ಬರೀ ರೊಟ್ಟಿಯನ್ನು ಯಾರು ಕೊಳ್ಳುತ್ತಾರೆ? ಜೊತೆಗೆ ಶೇಂಗಾ ಹಿಂಡಿ ಬೇಕು, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಬೇಕು. ಹಿಂಡಿಗೆ ತೆರಿಗೆ ಇದೆ. ಅದನ್ನು ಸೇರಿಸಿದ ಕೂಡಲೇ ‘ತೆರಿಗೆ ಇಲ್ಲದ್ದನ್ನಷ್ಟೇ ಮಾರುವವರು’ ಎಂಬ ರಕ್ಷಣೆ ಹೋಗುತ್ತದೆ. ಆಮೇಲೆ 40 ಲಕ್ಷದ ಲೆಕ್ಕಕ್ಕೆ ರೊಟ್ಟಿಯ ವ್ಯಾಪಾರ, ಹಿಂಡಿಯ ವ್ಯಾಪಾರ ಎರಡನ್ನೂ ಕೂಡಿಸಬೇಕು. ಮಿತಿ ದಾಟಿದರೆ ನೋಂದಣಿ ಬೇಕು, ತೆರಿಗೆ ಮಾತ್ರ ಹಿಂಡಿಯ ಮೇಲಷ್ಟೇ. ಬೆಳೆಯುತ್ತಿರುವ ಸಂಘಗಳು ಎರಡಕ್ಕೂ ಬೇರೆ ಬೇರೆ ಲೆಕ್ಕದ ಪುಸ್ತಕ ಇಟ್ಟರೆ ಮುಂದೆ ನೋಟಿಸ್ ಬಂದರೂ ಉತ್ತರ ಕೈಯಲ್ಲೇ ಇರುತ್ತದೆ.

ಎಸರು ಕುದಿಯದಿದ್ದರೆ ರೊಟ್ಟಿ ಒಡೆಯುತ್ತದೆ

ಈಗ ಮೊಬೈಲ್ ಪರದೆಯ ಮೇಲಿನ ಅಡುಗೆಗೆ ಬರೋಣ. ಜೋಳದ ರೊಟ್ಟಿಯ ವಿಡಿಯೊಗಳ ಕೆಳಗೆ ಬರುವ ದೂರು ಒಂದೇ: ‘ನೀವು ಹೇಳಿದ ಹಾಗೇ ಮಾಡಿದೆ, ಅಂಚು ಒಡೆಯಿತು, ಎತ್ತುವಾಗ ಹರಿಯಿತು.’ ತಪ್ಪು ರೊಟ್ಟಿ ಮಾಡಿದವರದ್ದಲ್ಲ. ಗೋಧಿಗೆ ಹೇಳುವ ಮಾತನ್ನು ಜೋಳಕ್ಕೆ ಹೇಳಿದ್ದರಿಂದ ಆದ ಎಡವಟ್ಟು ಅದು.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಪ್ರೋಟೀನು ಗ್ಲುಟೆನ್ ಎಂಬ ಎಳೆ ಕಟ್ಟುತ್ತದೆ. ರಬ್ಬರಿನಂತೆ ಹಿಗ್ಗುವ ಆ ಎಳೆಯಿಂದಾಗಿ ಚಪಾತಿಯನ್ನು ಲಟ್ಟಿಸಲು ಆಗುತ್ತದೆ. ಜೋಳದ ಪ್ರೋಟೀನು ಅಂಥ ಎಳೆ ಕಟ್ಟುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಒದ್ದೆ ಮರಳಿನಂತೆ, ಹಿಡಿದರೆ ಉಂಡೆ, ಒತ್ತಿದರೆ ಬಿರುಕು. ಹಾಗಾದರೆ ರೊಟ್ಟಿಯನ್ನು ಹಿಡಿದಿಡುವುದು ಯಾವುದು? ಅದರ ಪಿಷ್ಟ. ನೀರಿನ ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ನಮ್ಮ ಕಡೆ ‘ಜಿಗಿ’ ಅನ್ನುವುದು ಇದಕ್ಕೇ. ಎಸರು ಕುದಿಸಿಯೇ ಹಾಕಬೇಕು ಎಂದು ಅಜ್ಜಿಯರು ಹಟ ಹಿಡಿಯುವುದರ ಹಿಂದೆ ಈ ಲೆಕ್ಕವಿದೆ. ‘ಉಗುರುಬೆಚ್ಚಗಿನ ನೀರು’ ಎಂದು ಹೇಳುವ ವಿಡಿಯೊ ಅಲ್ಲಿಗೇ ಸೋತಿತು.

ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಳಿ ಮಾಡುತ್ತಾರೆ. ಮಳ್ಳಿದ ಎಸರನ್ನು ಆ ಗುಳಿಗೆ ಮಾತ್ರ ಹುಯ್ದು, ಸುತ್ತಲಿನ ಸ್ವಲ್ಪ ಹಿಟ್ಟನ್ನು ಚಮಚದಲ್ಲಿ ಎಳೆದು ಮುಚ್ಚುತ್ತಾರೆ. ಕೈ ತಾಳುವಷ್ಟು ಆರಿದ ಮೇಲೆ ಉಳಿದ ಹಿಟ್ಟನ್ನು ಕೂಡಿಸಿ, ಬೇಕಾದಷ್ಟು ನೀರು ಚಿಮುಕಿಸಿ, ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಹೀಗೆ ಬೆಂದ ಹಿಟ್ಟು ಹಸಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ನಾದಿ ಒಡನೆ ಬಡಿಯುವುದು ಇನ್ನೊಂದು ಗುಟ್ಟು. ಚಪಾತಿ ಹಿಟ್ಟನ್ನು ಅರ್ಧ ತಾಸು ನೆನೆಯಲು ಬಿಟ್ಟರೆ ಒಳ್ಳೆಯದಾಗುತ್ತದೆ. ಜೋಳದ ಹಿಟ್ಟನ್ನು ಹಾಗೆ ಬಿಟ್ಟರೆ ಅಂಟಿದ ಪಿಷ್ಟ ತಣ್ಣಗಾಗಿ ಬಿಗಿದು ಜಿಗಿ ಕಳೆದುಕೊಳ್ಳುತ್ತದೆ.

ಹಂಚಿಗೆ ಹಾಕಿದ ಮೇಲೆ ಒಣಹಿಟ್ಟು ಇದ್ದ ಮೇಲ್ಮೈಗೆ ಒದ್ದೆ ಅರಿವಿಯಿಂದ ನೀರು ಸವರುವುದೂ ಬರೀ ರೂಢಿಯಲ್ಲ. ಆ ನೀರು ಒಣಹಿಟ್ಟನ್ನು ಒಂದು ತೆಳು ಪದರವಾಗಿ ಅಂಟಿಸುತ್ತದೆ. ಮಗುಚಿ ಹಾಕಿದಾಗ ಒಳಗಿನ ಆವಿ ಹೊರಗೆ ಹೋಗಲು ದಾರಿ ಸಿಗದೆ ರೊಟ್ಟಿ ಉಬ್ಬುತ್ತದೆ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿದ್ದರೆ ಆವಿ ಅಲ್ಲೇ ಸೋರುತ್ತದೆ.

ಹಾಗಂತ ಲಟ್ಟಣಿಗೆಯ ವಿಡಿಯೊಗಳೆಲ್ಲ ಸುಳ್ಳಲ್ಲ. ಹಿಟ್ಟನ್ನೆಲ್ಲ ಕುದಿಯುವ ನೀರಿಗೇ ಸುರಿದು ಮುಚ್ಚಿಟ್ಟು ನಾದಿದರೆ ಅಂಟು ಹೆಚ್ಚಾಗಿ, ಲಟ್ಟಿಸಿದರೂ ಒಡೆಯುವುದಿಲ್ಲ. ಮಲೆನಾಡಿನ ಉಕ್ಕರಿಸಿದ ಅಕ್ಕಿ ರೊಟ್ಟಿಯ ರೀತಿ ಅದು. ಬಡಿಯಲು ಬಾರದವರಿಗೆ ಒಳ್ಳೆಯ ದಾರಿ. ತಿನ್ನುವಾಗ ಮಾತ್ರ ಸ್ವಲ್ಪ ನಾರುನಾರು ಅನ್ನಿಸುತ್ತದೆ, ಬಡಿದ ರೊಟ್ಟಿಯ ಹಗುರ ಬರುವುದಿಲ್ಲ. ದೋಸೆಯಂತೆ ಹುಯ್ಯುವುದಕ್ಕೆ ಜೋಳದ ದೋಸೆ ಎಂದೇ ಹೆಸರಿಡುವುದು ಒಳ್ಳೆಯದು. ರೊಟ್ಟಿ ಎಂದು ಕಾದು ಕುಳಿತವರಿಗೆ ಅದು ನಿರಾಸೆಯನ್ನಷ್ಟೇ ಕೊಡುತ್ತದೆ.

ಇಲ್ಲಿ ತೆರಿಗೆಯ ಮಾತು ಮತ್ತೆ ಬರುತ್ತದೆ. ಜೋಳದ ಮೊಳಕೆ ಭಾಗದಲ್ಲಿ ಎಣ್ಣೆಯಂಶ ಇರುತ್ತದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ದಿನ ಕಳೆದಂತೆ ಹಿಟ್ಟು ಕಹಿಯಾಗುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಇಲ್ಲ ಎಂಬುದು ರೊಟ್ಟಿ ಬಡಿಯುವವರೆಲ್ಲರ ಅನುಭವ. ವಾರಕ್ಕೆ ಆಗುವಷ್ಟನ್ನೇ ಗಿರಣಿಗೆ ಹಾಕಿಸುವ ರೂಢಿ ಬಂದದ್ದು ಇದರಿಂದ. ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದು ದೂರದ ಊರಿಗೆ ಹೋಗುವುದು ಲೇಬಲ್ ಹಚ್ಚಿದ ಹಿಟ್ಟು. ತೆರಿಗೆ ಬೀಳುವುದೂ ಅದಕ್ಕೇ, ರೊಟ್ಟಿ ಒಡೆಯುವುದೂ ಹೆಚ್ಚಾಗಿ ಅದರಲ್ಲೇ. ಹೊಸದಾಗಿ ಕಲಿಯುವವರು ತಮ್ಮ ಕೈಯನ್ನು ಬೈದುಕೊಳ್ಳುವ ಮೊದಲು ಪ್ಯಾಕೆಟ್ ಮೇಲಿನ ತಯಾರಿಕೆಯ ದಿನಾಂಕ ನೋಡಬೇಕು.

ಸಕ್ಕರೆ, ಗ್ಲುಟೆನ್ ಮತ್ತು ಅರ್ಧ ಸತ್ಯಗಳು

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಅದೇ ವರ್ಷದ ಕೇಂದ್ರ ಬಜೆಟ್ ಜೋಳ, ಸಜ್ಜೆ, ರಾಗಿಗಳನ್ನೂ ಸೇರಿಸಿ ‘ಶ್ರೀ ಅನ್ನ’ ಎಂದು ಕರೆಯಿತು. ಅಲ್ಲಿಂದೀಚೆ ಜೋಳದ ಗುಣಗಾನ ಹೆಚ್ಚಾಗಿದೆ. ಹೆಚ್ಚಿನದು ನ್ಯಾಯವಾದದ್ದೇ. ಅಳತೆ ಮೀರಿದ್ದನ್ನು ಮಾತ್ರ ಬಿಡಿಸಿ ಹೇಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, 10 ಗ್ರಾಂ ಪ್ರೋಟೀನು, 10 ಗ್ರಾಂ ನಾರಿನಂಶ ಇದೆ. ಜರಡಿ ಹಿಡಿಯದ ಗೋಧಿ ಹಿಟ್ಟಿನಲ್ಲೂ ಪ್ರೋಟೀನು, ನಾರು ಹೆಚ್ಚುಕಡಿಮೆ ಇಷ್ಟೇ. ಅನ್ನದ ಜಾಗಕ್ಕೆ ಜೋಳದ ರೊಟ್ಟಿ ಬಂದರೆ ನಾರು ಹೆಚ್ಚುತ್ತದೆ, ಅದು ಖಂಡಿತ ಲಾಭ. ಆದರೆ ‘ಎಷ್ಟು ತಿಂದರೂ ಸಕ್ಕರೆ ಏರದು’ ಎಂಬುದು ನಿಜವಲ್ಲ. ಮಧುಮೇಹ ಇದ್ದವರು ರೊಟ್ಟಿಯ ಸಂಖ್ಯೆ ಎಣಿಸಲೇಬೇಕು. ನಮ್ಮ ತಾಟಿನಲ್ಲಿ ರೊಟ್ಟಿಯ ಸುತ್ತ ಇರುವ ಕಾಳುಪಲ್ಯ, ಪುಂಡಿಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆಸೊಪ್ಪು ಇವೆಲ್ಲ ಸೇರಿಯೇ ಆ ಊಟ ಒಳ್ಳೆಯದಾಗಿದೆ. ರೊಟ್ಟಿಯೊಂದನ್ನೇ ಕಿತ್ತುಕೊಂಡು ಔಷಧಿ ಎಂದರೆ ಊಟಕ್ಕೆ ಅನ್ಯಾಯ.

ಗ್ಲುಟೆನ್ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ, ಅದು ಸತ್ಯ. ಆದರೆ ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಳುತ್ತದೆ. ಬಹುಪಾಲು ಜನರಿಗೆ ಇದರಿಂದ ಏನೂ ಆಗದು. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಆ ಸ್ವಲ್ಪವೂ ತೊಂದರೆ ಮಾಡುತ್ತದೆ. ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ರೊಟ್ಟಿ ಹರಿಯದಿರಲಿ ಎಂದು ಗೋಧಿ ಹಿಟ್ಟು ಬೆರೆಸಲು ಹೇಳುವ ವಿಡಿಯೊ, ಅದೇ ಉಸಿರಿನಲ್ಲಿ ಗ್ಲುಟೆನ್ ಇಲ್ಲ ಎಂದರೆ ಅದನ್ನು ನಂಬಬಾರದು.

ಒಂದು ಹೆಸರಿನ ತೊಡಕೂ ಇದೆ. ದಕ್ಷಿಣದ ಜಿಲ್ಲೆಗಳಲ್ಲಿ ಜೋಳ ಎಂದರೆ ಎಷ್ಟೋ ಜನರಿಗೆ ಮುಸುಕಿನ ಜೋಳ, ನಮ್ಮ ಗೋವಿನಜೋಳ. ಆನ್‌ಲೈನ್‌ನಲ್ಲಿ ತರಿಸುವವರು ‘ಬಿಳಿ ಜೋಳ’ ಎಂದೇ ಹುಡುಕಬೇಕು.

ಬೆಂಬಲ ಬೆಲೆಯಿಂದ ರೊಟ್ಟಿ ತುಟ್ಟಿಯಾಗುತ್ತದೆಯೇ?

2024-25ರಲ್ಲಿ ಮಾಲದಂಡಿ (ಹಿಂಗಾರಿಯ ಬಿಳಿ ಜೋಳದ ತಳಿ) ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ ಇತ್ತು. 2025-26ಕ್ಕೆ ಅದು 3,749 ಆಯಿತು. ಏರಿಕೆ 328 ರೂಪಾಯಿ, ಅಂದರೆ ಕಿಲೋಗೆ 3 ರೂಪಾಯಿ 28 ಪೈಸೆ. ಗಾತ್ರ ನೋಡಿಕೊಂಡು ಒಂದು ಕಿಲೋ ಹಿಟ್ಟಿಗೆ ಹನ್ನೆರಡರಿಂದ ಹದಿನಾರು ರೊಟ್ಟಿ ಆಗುತ್ತವೆ ಎಂದು ಹಿಡಿದರೆ ಒಂದು ರೊಟ್ಟಿಗೆ ಬಿದ್ದ ಏರಿಕೆ 20ರಿಂದ 27 ಪೈಸೆ. ಬೆಂಬಲ ಬೆಲೆಯ ಲೆಕ್ಕದಲ್ಲಿ ಒಂದು ರೊಟ್ಟಿಯೊಳಗಿನ ಕಾಳಿನ ಬೆಲೆಯೇ ಎರಡೂಕಾಲರಿಂದ ಮೂರು ರೂಪಾಯಿ ಚಿಲ್ಲರೆ. 10 ರೂಪಾಯಿಗೆ ಮಾರುವ ರೊಟ್ಟಿಯಲ್ಲಿ ಉಳಿದ ಏಳು ರೂಪಾಯಿ ಎಲ್ಲಿಂದ ಬಂತು? ಬೀಸಿದ್ದು, ಉರುವಲು, ಪ್ಯಾಕೆಟ್, ಸಾಗಾಟ, ಅಂಗಡಿಯ ಪಾಲು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹಂಚಿನ ಮುಂದೆ ಕುಳಿತು ಬಡಿಯುವ ಹೆಣ್ಣುಮಗಳ ದುಡಿಮೆ. ರೊಟ್ಟಿ ತುಟ್ಟಿಯಾದರೆ ಅದರ ಹೊಣೆಯನ್ನು ರೈತನ ತಲೆಗೆ ಕಟ್ಟುವುದು ತಪ್ಪು.

ರೈತನ ಕಡೆಯ ಚಿತ್ರ ಹೀಗಿದೆ. ಅದೇ 2025-26ರಲ್ಲಿ ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ. ಮಾಲದಂಡಿಗೂ ಇದಕ್ಕೂ ಅಂತರ 50 ರೂಪಾಯಿ ಮಾತ್ರ. ತಾಟಿನಲ್ಲಿ ಅಂತರ ಅದಕ್ಕಿಂತ ಬಹಳ ದೊಡ್ಡದು. ಮುಂಗಾರಿ ಹೈಬ್ರಿಡ್ ಕಾಳು ಮಳೆಗೆ ಸಿಕ್ಕಿ ಕಪ್ಪಾಗುತ್ತದೆ. ಹಿಂಗಾರಿ ಜೋಳ ಎರೆಭೂಮಿಯಲ್ಲಿ ಉಳಿದ ತೇವದ ಮೇಲೆಯೇ ಬೆಳೆದು ಮುತ್ತಿನಂತೆ ಬಿಳಿಯಾಗಿ ಬರುತ್ತದೆ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದು ಡೋಣಿ ನದಿ ಹರಿಯುವ ವಿಜಯಪುರದ ಅಂಥ ಎರೆಯಲ್ಲೇ. ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಬಿಜೆವಿ-44ರಂಥ ತಳಿಗಳನ್ನು ಕೊಟ್ಟದ್ದೂ ಈ ಹಿಂಗಾರಿಗಾಗಿಯೇ.

ಆದರೆ ಹಿಂಗಾರಿ ಜೋಳವನ್ನು ಬೇರುಸಹಿತ ಕೈಯಲ್ಲೇ ಕೀಳಬೇಕು, ತೆನೆ ಮುರಿಯಬೇಕು. ಆಳು ಸಿಗುವುದು ಕಷ್ಟ. ಕಡಲೆಗೆ ಕೆಲಸ ಕಡಿಮೆ. ನೀರು ಬಂದ ಕಡೆ ಕಬ್ಬು, ಗೋವಿನಜೋಳ ಬಂದವು. ದನಗಳಿಗೆ ಕಣಿಕಿ (ಜೋಳದ ಒಣ ದಂಟು) ಬೇಕು ಎಂಬ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಜೋಳ ಉಳಿದಿದೆ, ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಹೊಲದಲ್ಲಿ ಆ ಕಾರಣವೂ ಸಡಿಲವಾಗುತ್ತಿದೆ. ಒಳ್ಳೆಯ ಕಾಳಿಗೆ ಒಳ್ಳೆಯ ಬೆಲೆ ಸಿಗದಿದ್ದರೆ ಬೇಡಿಕೆ ಹೆಚ್ಚಿದರೂ ಬಿತ್ತನೆ ಹೆಚ್ಚುವುದಿಲ್ಲ.

ಮುಂದೆ ಏನಾಗಬಹುದು

ಕಲಬುರಗಿಯಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಮಾರಾಟಕ್ಕೆ ತಂದಿದೆ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲೂ ಅಂಥ ಯತ್ನಕ್ಕೆ ಜಾಗವಿದೆ. ಖಡಕ್ ರೊಟ್ಟಿಯಲ್ಲಿ ತೇವ ಇರುವುದಿಲ್ಲವಾದ್ದರಿಂದ ಬೂಸ್ಟು ಹಿಡಿಯದು, ದೂರದ ಊರಿಗೆ ಕಳಿಸಲು ಅದಕ್ಕಿಂತ ಒಳ್ಳೆಯ ಪದಾರ್ಥ ಸಿಗದು. ತೆರಿಗೆ ಹೋದದ್ದು ದೊಡ್ಡ ಬಂಡವಾಳದವರನ್ನೂ ಯಂತ್ರದ ರೊಟ್ಟಿಯನ್ನೂ ಈ ಪೇಟೆಗೆ ಕರೆಯುತ್ತದೆ. ಯಂತ್ರಕ್ಕೆ ಒಡೆಯದ ಹಿಟ್ಟು ಬೇಕು, ಹಾಗಾಗಿ ಗೋಧಿ, ಮೈದಾ ಬೆರೆಸುವ ಒತ್ತಡ ಬರುತ್ತದೆ. ಅದು ಲೇಬಲ್‌ನಲ್ಲಿ ಗೊತ್ತಾಗುತ್ತದೆ. ಘಟಕಗಳ ಪಟ್ಟಿಯಲ್ಲಿ ಜೋಳದ ಹಿಟ್ಟು, ನೀರು, ಉಪ್ಪು, ಹೆಚ್ಚೆಂದರೆ ಎಳ್ಳು ಇರಬೇಕು. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ, ಆದ್ದರಿಂದ ಮೊದಲ ಹೆಸರು ಜೋಳದ್ದೇ ಇದೆಯೇ ಎಂದು ನೋಡಿಕೊಳ್ಳಬೇಕು.

ಮನೆಯಲ್ಲೇ ಬಡಿಯುವವರಿಗೆ ಒಳ್ಳೆಯ ಕಾಲ ಫೆಬ್ರುವರಿ, ಮಾರ್ಚ್. ಹಿಂಗಾರಿಯ ಹೊಸ ಕಾಳು ಪೇಟೆಗೆ ಬರುವುದು ಆಗ. ಒಣಗಿದ ಕಾಳು ಡಬ್ಬದಲ್ಲಿ ವರ್ಷವಿಡೀ ಇರುತ್ತದೆ, ಹಿಟ್ಟು ಮಾತ್ರ ಎಂಟು ದಿನಕ್ಕೆ ಆಗುವಷ್ಟು ಸಾಕು. ಓಣಿಯ ಗಿರಣಿಯಲ್ಲಿ ಬೀಸಿಸಿಕೊಂಡು ಬಂದ ಆ ಹಿಟ್ಟಿಗೆ ಲೇಬಲ್ ಇಲ್ಲ, ಶೇ 5 ಇಲ್ಲ, ಜಿಗಿ ಇದೆ.